ಅಂಗೈಯಗಲ ಬರಿಗಬ್ಬಿಣ

ಲೂಮೀರ್ ಭಾವನಿಗೆ ಸಿಟ್ಟು ಬಂದರೆ ಅವರು ಕೂಗಾಡುತ್ತಿರಲಿಲ್ಲ, ಮೇಜು ಗುದ್ದುತ್ತಿರಲಿಲ್ಲ. ತಲೆಯ ಮೇಲಿನ ಟೋಪಿ ತೆಗೆಯುತ್ತಿದ್ದರು. ಬೀಜದ ಕಂಪನಿಯವರು ಪುಕ್ಕಟೆ ಹಂಚಿದ, ಅಂಚೆಲ್ಲ ಗ್ರೀಸು ಹತ್ತಿ ಕಪ್ಪಾದ ಆ ಟೋಪಿಯನ್ನು ಎರಡೂ ಕೈಯಿಂದ ಎತ್ತಿ, ಸಾರು ತುಂಬಿದ ಬಟ್ಟಲನ್ನು ಇಡುವಷ್ಟು ಜೋಪಾನವಾಗಿ, ಗಾಡಿಯ ಬಾನೆಟ್ಟಿನ ಮೇಲೋ, ಸೊಸೈಟಿಯ ಕಾಫಿ ಮೇಜಿನ ಮೇಲೋ, ಒಮ್ಮೆಯಂತೂ ಚರ್ಚಿನ ಬೆಂಚಿನ ಮೇಲೆಯೇ ಇಡುತ್ತಿದ್ದರು. ಆಗ ಅವರ ಹಣೆ ಕಾಣುತ್ತಿತ್ತು. ಅರುವತ್ತು ಬೇಸಿಗೆಗಳ ಬಿಸಿಲು ಹುಬ್ಬಿನವರೆಗಿನ ಮುಖವನ್ನು ಹಳೆಯ ಚರ್ಮದ ಚೀಲದಂತೆ ಕಂದಿಸಿ ಗೆರೆ ಕೊರೆದಿದ್ದರೆ, ಟೋಪಿಯ ಮರೆಯಲ್ಲಿದ್ದ ಹಣೆ ಮಾತ್ರ ತೊಟ್ಟಿಲ ಕೂಸಿನ ಹಣೆಯಂತೆ ಬೆಳ್ಳಗೆ, ನುಣ್ಣಗೆ, ಬಿಸಿಲೆಂಬುದನ್ನೇ ಅರಿಯದೆ ಉಳಿದುಕೊಂಡಿತ್ತು. ಊರಿನಲ್ಲಿ ಬೇರೆ ರೈತರಿಗೂ ಹಣೆ ಬಿಳಿಯೇ. ಆದರೆ ಅವರು ಅದನ್ನು ತೋರಿಸುವುದು ಪ್ರಾರ್ಥನೆಯ ಹೊತ್ತಿನಲ್ಲಿ. ಭಾವ ತೋರಿಸುತ್ತಿದ್ದುದು ಯುದ್ಧಕ್ಕೆ. "ಬಿಳೀದು ಕಾಣಿಸ್ತು, ಏಳ್ರಪ್ಪಾ" ಎನ್ನುತ್ತ ಗಂಡಸರು ಕಾಫಿ ಲೋಟ ಎತ್ತಿಕೊಂಡು ಬೇರೆ ಮೇಜಿಗೆ ಹೋಗಿ ಕೂರುತ್ತಿದ್ದರು.

ನೆಬ್ರಾಸ್ಕಾದ ಬ್ಲೂ ನದಿಯ ದಂಡೆಯಲ್ಲಿ, ಚೆಕ್ ಮಂದಿಯೇ ತುಂಬಿಕೊಂಡಿರುವ ನಮ್ಮೂರಿನಲ್ಲಿ ಲೂಮೀರ್ ಹ್ರಬಾಕ್ ಎಂದರೆ ಕೆಟ್ಟ ಟ್ರ್ಯಾಕ್ಟರಿಗೆ ಜೀವ ಬರಿಸುವವರು ಎಂದೇ ಅರ್ಥ. ನನ್ನ ಅಕ್ಕ ಆಲ್ಬೀನಾ ಅವರ ಕೈಹಿಡಿದ ವರ್ಷದಿಂದ ಯಂತ್ರದಂಗಡಿಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಅವರ ಕೆಲಸ, ನಲವತ್ತೊಂದು ವರ್ಷ. ಎಂದೋ ಜ್ಯಾಕ್ ಜಾರಿ ಎಡಗಾಲಿನ ಮೇಲೆ ಚಕ್ರ ಕೂತಿದ್ದರಿಂದ ಆ ಕಾಲನ್ನು ಒಂದಿಷ್ಟು ಹೊರಗೆ ತಿರುವಿ, ಪ್ರತಿ ಹೆಜ್ಜೆಗೂ ನೆಲವನ್ನು ಪರೀಕ್ಷಿಸಿ ಒಪ್ಪಿಗೆ ಕೊಡುವವರಂತೆ ನಡೆಯುತ್ತಿದ್ದರು. ಮೈಮೇಲೆ ಹನ್ನೆರಡು ತಿಂಗಳೂ ನೀಲಿ ಡೆನಿಮ್ ಕೋಟು. ಅದರ ಬಲಜೇಬು ಸ್ಪ್ಯಾನರಿನ ಭಾರಕ್ಕೆ ಕಿತ್ತು ಕಿತ್ತು ಬರುತ್ತಿದ್ದುದರಿಂದ, ದಾರಕ್ಕೆ ಬೇಸತ್ತ ಅಕ್ಕ ಕೊನೆಗೆ ಹಳೆಯ ಬೂಟಿನ ಚರ್ಮವನ್ನೇ ಕತ್ತರಿಸಿ ಅಲ್ಲಿಗೆ ಜೇಬು ಹೊಲಿದಿದ್ದಳು. ಮಾತು ಕಡಿಮೆ. ಹೇಳಬೇಕಾದ್ದನ್ನು ಹೇಳಿ, ಬೋಲ್ಟಿನ ಮೇಲೆ ನಟ್ಟು ಬಿಗಿದ ಹಾಗೆ "ಅಷ್ಟೇ" ಎಂದು ಮುಗಿಸುತ್ತಿದ್ದರು. ಆಮೇಲೆ ಅದನ್ನು ಬಿಚ್ಚುವ ಧೈರ್ಯ ಯಾರಿಗೂ ಇರಲಿಲ್ಲ.

ಅವರ ಸಿಟ್ಟು ಎಲ್ಲದರ ಮೇಲೂ ಬರುತ್ತಿತ್ತೆಂದು ತಿಳಿಯಬಾರದು. ಸಾರು ಉಪ್ಪಾದರೆ ಬರುತ್ತಿರಲಿಲ್ಲ, ಮಳೆ ತಪ್ಪಿದರೆ ಬರುತ್ತಿರಲಿಲ್ಲ. ಒಂದು ವಸ್ತು ತನ್ನಲ್ಲಿ ಇಲ್ಲದ್ದನ್ನು ಇದೆಯೆಂದು ತೋರಿಸಿಕೊಂಡು ನಿಂತರೆ ಬರುತ್ತಿತ್ತು. ರೋಸಾಲಿ ಎಂಬ ಅವರ ಒಬ್ಬಳೇ ಮಗಳ ಮದುವೆಯ ದಿನ, ನಮ್ಮ ಚೆಕ್ ಸಮಾಜದ ಸಭಾಂಗಣದಲ್ಲಿ ವಾದ್ಯದವರು ಪೋಲ್ಕಾ ಕುಣಿತದ ಹಾಡು ಬಾರಿಸುತ್ತ, ಜೋಡಿಗಳು ಗಿರಗಿರ ತಿರುಗುತ್ತಿದ್ದಾಗ, ಈ ಮನುಷ್ಯ ಬೆಂಚು ಎಳೆದುಕೊಂಡು ಹತ್ತಿ ಗೋಡೆಯ ಗಡಿಯಾರವನ್ನು ಇಳಿಸಿ ಕಂಕುಳಲ್ಲಿಟ್ಟುಕೊಂಡು ಬಂದರು. ಅದು ಹಿಂದಿನ ವರ್ಷವೇ ನಾಲ್ಕೂ ಇಪ್ಪತ್ತಕ್ಕೆ ನಿಂತಿತ್ತು. ಅಕ್ಕ ನಾಚಿಕೆಯಿಂದ ಕುಗ್ಗಿ, "ಇವತ್ತೇ ಬೇಕಿತ್ತೇನ್ರೀ ಇದು?" ಎಂದದ್ದಕ್ಕೆ, "ಇಷ್ಟು ಜನದ ಮುಂದೆ ಸುಳ್ಳು ಹೇಳ್ತಾ ನಿಂತಿದೆ ಅದು. ಓಡೋದಾದ್ರೆ ಓಡಲಿ, ಇಲ್ಲ ಕೆಳಗಿಳೀಲಿ. ಅಷ್ಟೇ" ಎಂದಿದ್ದರು. ಅಷ್ಟು ಹೊತ್ತಿಗೆ ಟೋಪಿ ಕೇಕಿನ ಪಕ್ಕ ಕೂತಿತ್ತು.

ಇನ್ನೊಂದು ಸಲ ಎಮಿಲ್ ಪೊಸ್ಪಿಶಿಲ್, ಅಂದರೆ ಕಾಫಿ ಮೇಜಿನ ನಮ್ಮೂರ ವಿದೂಷಕ, ತನ್ನ ಟ್ರ್ಯಾಕ್ಟರ್ ತಂದು ನಿಲ್ಲಿಸಿದ್ದ. ಎಂಜಿನ್ನಿನ ಎಣ್ಣೆ ಬತ್ತಿದರೆ ಉರಿಯುವ ಕೆಂಪು ದೀಪಕ್ಕೆ ಅವನು ಕರಿ ಟೇಪು ಅಂಟಿಸಿದ್ದ. "ಹಗಲೂ ಉರೀತಿತ್ತು ಕಣಯ್ಯಾ, ಕಣ್ಣು ಕುಕ್ತಿತ್ತು" ಎಂಬುದು ಅವನ ಸಮಜಾಯಿಷಿ. ಭಾವ ಟೋಪಿ ತೆಗೆದಿಟ್ಟು, ಟೇಪನ್ನು ಉಗುರಿನಿಂದ ಎಬ್ಬಿಸಿ ಎಮಿಲನ ಅಂಗೈಗೆ ಅಂಟಿಸಿ, "ಇದನ್ನ ಬಾಯಿಗೆ ಹಾಕ್ಕೋ. ಮೂರು ವಾರ ಬಿಟ್ಟು ಬಾ" ಎಂದು ಕಳಿಸಿಬಿಟ್ಟರು. ಸರಿಯಾಗಿ ಬಿತ್ತನೆಯ ಕಾಲ. ಎಮಿಲ್ ಮೂರು ವಾರ ಬಿಟ್ಟೇ ಬಂದ.

ಇಂಥ ಮನುಷ್ಯನನ್ನು ಕಡೆಗೆ ಒಂದು ಕಿರುಬೆರಳಿನಷ್ಟುದ್ದದ ಮುಳ್ಳು ಸುಳ್ಳುಗಾರನನ್ನಾಗಿ ಮಾಡಿತು.

ಅವರದು ಅರುವತ್ತಾರನೆಯ ಇಸವಿಯ ಹಸಿರು ಪಿಕಪ್ಪು. ಆ ಕಾಲದ ಗಾಡಿಗಳಲ್ಲಿ ಪೆಟ್ರೋಲ್ ಟ್ಯಾಂಕಿ ಕೆಳಗೆಲ್ಲೋ ಇರುತ್ತಿರಲಿಲ್ಲ. ಕೂರುವ ಸೀಟಿನ ಹಿಂದೆಯೇ, ನಮ್ಮ ಬೆನ್ನಿಗೆ ಬೆನ್ನು ಕೊಟ್ಟು ನಿಂತಿರುತ್ತಿತ್ತು. ಗಾಡಿ ತಿರುವು ತೆಗೆದುಕೊಂಡರೆ ಒಳಗಿನ ಪೆಟ್ರೋಲು ಒಂದು ಮಗ್ಗುಲಿಗೆ ಬಂದು ಬಡಿಯುವುದು ಕೇಳುತ್ತಿತ್ತು. ಎಷ್ಟು ಪೆಟ್ರೋಲಿದೆಯೆಂದು ಮುಳ್ಳಿನಿಂದ ತೋರಿಸುವ ಗೇಜಿನ ಕಡೆ ಭಾವ ಕಣ್ಣೆತ್ತಿ ನೋಡಿದ್ದನ್ನು ಯಾರೂ ಕಂಡಿರಲಿಲ್ಲ. ಚರ್ಚಿನ ಬಳಿಯ ಚೌಕ ತಿರುವಿಗೆ ಬಂದ ಕೂಡಲೇ ಅವರು ಒಂದು ಬೆರಳೆತ್ತುತ್ತಿದ್ದರು, ಗಾಡಿಯಲ್ಲಿ ಯಾರಿದ್ದರೂ ಬಾಯಿ ಮುಚ್ಚಬೇಕು. ಪೆಟ್ರೋಲು ಗುಳುಕ್ ಎಂದು ಒಮ್ಮೆ ಬಡಿದರೆ ನೇರ ಪಂಪಿಗೆ; ಎರಡು ಸಲ ಬಡಿದರೆ ಕೌಂಟಿಯ ಮುಖ್ಯ ಊರಿಗೆ ಹೋಗಿ ಬರಬಹುದು; ಮೂರಾದರೆ ಚಿಂತೆಯಿಲ್ಲ. ರೋಸಾಲಿ ಎಣಿಸಲು ಕಲಿತದ್ದೇ ಆ ತಿರುವಿನಲ್ಲಿ ಎಂದು ಅಕ್ಕ ನಗುತ್ತಿದ್ದಳು. ಐವತ್ತು ವರ್ಷದಲ್ಲಿ ಆ ಗಾಡಿ ಪೆಟ್ರೋಲಿಲ್ಲದೆ ನಿಂತದ್ದಿಲ್ಲ.

ಅಕ್ಕ ತೀರಿಕೊಂಡ ಮೂರನೆಯ ಚಳಿಗಾಲದಲ್ಲಿ ಅಳಿಯ ಕರ್ಟ್, ಮಾವನ ಎಪ್ಪತ್ತೆಂಟನೆಯ ಹುಟ್ಟುಹಬ್ಬಕ್ಕೆಂದು ಆ ಗಾಡಿಯನ್ನು ತನ್ನ ಶೆಡ್ಡಿಗೆ ಒಯ್ದ. ಕರ್ಟ್ ಜರ್ಮನ್ ಮನೆತನದವನು, ಶಿಸ್ತಿನವನು, ನಾಲ್ಕು ತಿಂಗಳು ಭಾನುವಾರವೂ ಬಿಡದೆ ದುಡಿದ. ಒಂದೊಂದು ಬೋಲ್ಟನ್ನೂ ಬಿಚ್ಚಿ, ತುಕ್ಕು ಕೆರೆದು, ಬಣ್ಣ ಹೊಡೆದು, ಅದರ ಮೇಲೆ ಇನ್ನೆರಡು ಸಲ ಹೊಡೆದು ಮತ್ತೆ ಜೋಡಿಸಿದ. ಮೇ ತಿಂಗಳಲ್ಲಿ ಆ ಗಾಡಿ ಅಂಗಳಕ್ಕೆ ಬಂದಾಗ ಅದರ ಬಾಗಿಲಿನಲ್ಲಿ ನಮ್ಮ ಮುಖದ ಸುಕ್ಕು ಎಣಿಸಬಹುದಿತ್ತು. ಭಾವ ಸುತ್ತ ಒಂದು ಬಾರಿ ನಡೆದು, ಕೈಯಿಂದ ಮುಟ್ಟದೆ, "ಚೆಂದ ಮಾಡಿದ್ದೀಯ" ಎಂದರು. ಕರ್ಟನಿಗೆ ಅಷ್ಟು ಸಾಕಾಗಿ ಕಣ್ಣು ಒದ್ದೆಯಾಯಿತು.

ಜೂನ್ ತಿಂಗಳಲ್ಲಿ ಆ ಗಾಡಿ ಜೋಳದ ಹೊಲಗಳ ನಡುವಿನ ಕಲ್ಲುಹಾದಿಯಲ್ಲಿ ಕೆಮ್ಮಿ ನಿಂತಿತು. ಟ್ಯಾಂಕಿಯಲ್ಲಿ ತೊಟ್ಟೂ ಇರಲಿಲ್ಲ. ಭಾವ ಆ ಕಾಲೆಳೆದುಕೊಂಡು ನಾಲ್ಕು ಮೈಲಿ ನಡೆದು ಬಂದರು.

"ಮುಳ್ಳು ಫುಲ್ ತೋರಿಸ್ತಿತ್ತು" ಎಂದರು ಮಗಳ ಮುಂದೆ.

ಕರ್ಟ್ ಅಂದೇ ಬಂದು ಅಂಗಳದಲ್ಲಿ ನಿಲ್ಲಿಸಿ ಪರೀಕ್ಷೆ ಮಾಡಿದ. ಅರ್ಧ ತುಂಬಿಸಿದರೆ ಅರ್ಧ, ಮುಕ್ಕಾಲು ತುಂಬಿಸಿದರೆ ಮುಕ್ಕಾಲು. ಮುಳ್ಳು ದೊಡ್ಡವರ ಮುಂದಿನ ಮಗುವಿನ ಹಾಗೆ ವಿನಯದಿಂದ ನಡೆದುಕೊಂಡಿತು. "ಸರಿಯಾಗೇ ಇದೆಯಲ್ಲ ಮಾವ. ಹಾಕಿಸಿದ್ದೀನಿ ಅಂದ್ಕೊಂಡು ಮರೆತಿರಬೇಕು ನೀವು" ಎಂದ, ಮೆಲ್ಲಗೆ, ಒಳ್ಳೆಯ ಮನಸ್ಸಿನಿಂದ. ಆ ಒಳ್ಳೆಯ ಮನಸ್ಸೇ ವಿಷವಾಯಿತು. ಬೈದಿದ್ದರೆ ಭಾವ ಬೈದು ತೀರಿಸಿಕೊಳ್ಳುತ್ತಿದ್ದರು. ಕರುಣೆ ತೋರಿದವನಿಗೆ ಏನು ಹೇಳುವುದು?

ಮಾರನೆಯ ವಾರ ಅವರು ಇನ್ನೊಂದು ಕಂಡರು. ಮನೆಯಿಂದ ಹೊರಟಾಗ ಕಾಲುಭಾಗ ತೋರಿಸುತ್ತಿದ್ದ ಮುಳ್ಳು ಕಲ್ಲುಹಾದಿಯ ಮೇಲೆ ನಿಧಾನವಾಗಿ ಏರಿ ಮುಕ್ಕಾಲಿಗೆ ನಿಂತಿತು. ಅಂಗಳಕ್ಕೆ ಬಂದು ನಿಂತ ಮೇಲೆ ಮತ್ತೆ ಕಾಲುಭಾಗ. ಕಂಡದ್ದನ್ನು ಕಂಡಹಾಗೆ ಹೇಳುವುದು ಬಿಟ್ಟರೆ ಬೇರೆ ಗೊತ್ತಿಲ್ಲದ ಮನುಷ್ಯ, ಸೊಸೈಟಿಯ ಕಾಫಿ ಮೇಜಿನಲ್ಲಿ ಅದನ್ನು ಹೇಳಿಬಿಟ್ಟರು.

"ಹೋಗ್ತಾ ಹೋಗ್ತಾ ಜಾಸ್ತಿ ಆಗುತ್ತೆ" ಎಂದರು.

ಎಮಿಲ್ ಲೋಟ ಕೆಳಗಿಟ್ಟ. "ಏನಯ್ಯಾ, ನಿನ್ನ ಗಾಡಿ ಪೆಟ್ರೋಲು ಹಡೀತದಾ? ಹಾಗಾದ್ರೆ ಮುಂದಿನ ಸಲ ನಂಗೂ ಒಂದು ಕರು ಕೊಡಪ್ಪಾ."

ಹನ್ನೊಂದು ಗಂಡಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ದಿನದಿಂದ ದಾರಿಯಲ್ಲಿ ಎದುರಾದವರು ಸ್ಟೀರಿಂಗಿನಿಂದ ಒಂದು ಬೆರಳೆತ್ತಿ ನಮಸ್ಕರಿಸುವ ನಮ್ಮ ರೂಢಿ ಬಿಟ್ಟು, ಕೈ ಹೊರಚಾಚಿ "ಕರು ಹೇಗಿದೆ?" ಎನ್ನತೊಡಗಿದರು. ನಗುವವರು ನಗಲಿ. ಆದರೆ ನಗುವಿನ ಹಿಂದೆ ಒಂದು ಪಿಸುಮಾತೂ ಹೊರಟಿತು: ಆಲ್ಬೀನಾ ಹೋದ ಮೇಲೆ ಪಾಪ, ತಲೆ ಸ್ವಲ್ಪ... ಆ ಪಿಸುಮಾತು ಕೇಳಿದಾಗ ನನಗೆ ಬಂದ ಸಿಟ್ಟು ಇಂದಿಗೂ ಇಳಿದಿಲ್ಲ. ನಲವತ್ತೊಂದು ವರ್ಷ ಇವರ ಯಂತ್ರಗಳು ಏನು ಹೇಳುತ್ತಿವೆಯೆಂದು ಕಿವಿಗೊಟ್ಟು ಕೇಳಿದ ಮನುಷ್ಯ ಒಂದೇ ಒಂದು ಸಲ ತಾನು ಕಂಡದ್ದನ್ನು ಹೇಳಿದರೆ, ಒಬ್ಬನೇ ಒಬ್ಬ ಎದ್ದು ಹೋಗಿ ಆ ಗಾಡಿಯಲ್ಲಿ ಕೂತು ನೋಡಲಿಲ್ಲ.

ಆಗಸ್ಟಿನ ಒಂದು ಮಧ್ಯಾಹ್ನ ಎರಡನೆಯ ಸಲ ನಿಂತಿತು. ರೈಲು ಹಳಿಯ ಮೇಲೆಯೇ. ಅಂದು ಗಾಡಿಯಲ್ಲಿ ನಾನೂ ಇದ್ದೆ. ಹೊರಡುವಾಗ ಅವರು "ತಳಕ್ಕೆ ಬಂದಿದೆ, ಪಂಪಿಗೆ ಹೋಗ್ಬೇಕು" ಎಂದದ್ದು ನನ್ನ ಕಿವಿಯಲ್ಲೇ ಇದೆ. ಕಲ್ಲುಹಾದಿಯಲ್ಲಿ ಮುಳ್ಳು ಮೇಲಕ್ಕೇರಿತು. ಅವರು ಅದನ್ನು ನೋಡಿದರು, ಹುಬ್ಬು ಗಂಟಿಕ್ಕಿದರು, ಮತ್ತೆ ನೋಡಿದರು. ಪಂಪು ಬಂತು, ಗಾಡಿ ನಿಲ್ಲಿಸಲಿಲ್ಲ. ಚರ್ಚಿನ ತಿರುವಿನಲ್ಲಿ ಬೆರಳೆತ್ತಿದರು, ನಾನು ಸುಮ್ಮನಾದೆ. ಬೆನ್ನ ಹಿಂದೆ ಏನೂ ಬಡಿಯಲಿಲ್ಲ. ನನಗೆ ಆ ಮೌನ ಕೇಳಿಸಿತ್ತು. ಅವರಿಗೂ ಕೇಳಿಸಿರುತ್ತದೆ, ಅವರಿಗೆ ತಿಳಿಯದ್ದೇ ಎಂದುಕೊಂಡು ಬಾಯಿ ಬಿಡಲಿಲ್ಲ. ಅರ್ಧ ಮೈಲಿ ಹೋಗುವಷ್ಟರಲ್ಲಿ ಹಳಿಯ ಮೇಲೆ ಎಂಜಿನ್ ಸತ್ತಿತು. ದೂರದಲ್ಲಿ ಧಾನ್ಯದ ರೈಲಿನ ಕೂಗು. ಹಿಂದಿದ್ದ ಲಾರಿಯವನು ತನ್ನ ಗಾಡಿಯ ಮೂತಿಯಿಂದಲೇ ನಮ್ಮನ್ನು ದೂಡಿ ಆಚೆ ಹಾಕಿದ. ಹೊಸ ಬಣ್ಣದ ಹಿಂಬಾಗಿಲು ನಜ್ಜಾಯಿತು, ನಾವು ಉಳಿದೆವು.

ರೋಸಾಲಿ ಬಂದಳು. ಅವಳು ಕೌಂಟಿ ಆಸ್ಪತ್ರೆಯಲ್ಲಿ ನರ್ಸು. ಮುದುಕರ ತಲೆಗಳು ಒಂದೊಂದಾಗಿ ಆರಿಹೋಗುವುದನ್ನು ದಿನವೂ ನೋಡುವವಳು. ಗಾಡಿಯ ಕೀಲಿ ತೆಗೆದು ಕೈಚೀಲಕ್ಕೆ ಹಾಕಿಕೊಂಡಳು.

"ಅಪ್ಪಾ, ಪಂಪಿನ ಮುಂದೇನೇ ಹಾದು ಬಂದಿದ್ದೀಯ. ಯಾಕೆ ನಿಲ್ಲಿಸ್ಲಿಲ್ಲ?"

"ಮುಕ್ಕಾಲು ತೋರಿಸ್ತು."

"ತಳಕ್ಕೆ ಬಂದಿದೆ ಅಂತ ನೀನೇ ಹೇಳಿದ್ದೆಯಂತೆ. ಚಿಕ್ಕಮ್ಮ ಹೇಳಿದ್ರು."

"ಹೇಳಿದ್ದೆ. ಆಮೇಲೆ ಮುಕ್ಕಾಲು ತೋರಿಸ್ತು. ಬೆಳಿಗ್ಗೆ ಹಾಕಿಸ್ಬಿಟ್ಟಿದ್ನೇನೋ ಅಂದ್ಕೊಂಡೆ."

ಆ ಒಂದು ಮಾತು ಸಾಕಾಯಿತು. ಚಾಲಕನ ಪರವಾನಗಿಯನ್ನು ಮರುಪರೀಕ್ಷೆ ಮಾಡಬೇಕೆಂದು ಮನೆಯವರೇ ಸರ್ಕಾರಕ್ಕೆ ಬರೆದುಕೊಡುವ ಒಂದು ಅರ್ಜಿಯಿದೆ. ಅದರಲ್ಲಿ 'ನೆನಪಿನ ತೊಂದರೆ' ಎಂಬ ಜಾಗದಲ್ಲಿ ರೋಸಾಲಿ ಗುರುತು ಹಾಕಿದಳು. ಸೋಮವಾರ ಅಂಚೆಗೆ ಹಾಕುವುದೆಂದಾಯಿತು. ನಮ್ಮ ಕಡೆ ಗಾಡಿಯಿಲ್ಲದ ಗಂಡಸೆಂದರೆ ಹೊಲವಿಲ್ಲದ ಬೇಲಿ. ಆದರೆ ಭಾವನನ್ನು ಕೊರೆದದ್ದು ಗಾಡಿಯಲ್ಲ, ಆ ಗುರುತು. ಇನ್ನು ಮುಂದೆ ಅವರು ಏನು ಹೇಳಿದರೂ ಅದರ ಮುಂದೆ ಆ ಗುರುತು ಇರುತ್ತಿತ್ತು.

ಟೋಪಿ ತೆಗೆದು ಅಡುಗೆಮನೆಯ ಮೇಜಿನ ಮೇಲಿಟ್ಟರು. ಮತ್ತೆ ಹಾಕಿಕೊಳ್ಳಲಿಲ್ಲ. ಐದು ದಿನ ಆ ಸುಡುಬಿಸಿಲಿನಲ್ಲಿ ಬರಿದಲೆಯಲ್ಲಿ ಸೊಸೈಟಿಗೆ, ಅಂಚೆಮನೆಗೆ ನಡೆದುಹೋದರು. ಆ ಬಿಳಿ ಹಣೆ ಮೊದಲ ಬಾರಿಗೆ ಬೆಂದು ಕೆಂಪಾಗಿ ಸಿಪ್ಪೆ ಎದ್ದಿತು. ಎಮಿಲ್ ಕೂಡ ಕರುವಿನ ಮಾತೆತ್ತಲಿಲ್ಲ.

ಶನಿವಾರ ಬೆಳಿಗ್ಗೆ ನನ್ನ ಬಾಗಿಲಿಗೆ ಬಂದರು. "ವ್ಲಾಸ್ತಾ, ಬಾ. ನಿನ್ನ ಕಣ್ಣು ಬೇಕು."

ಕೀಲಿ ಕೇಳುವವರಲ್ಲ ಅವರು. ಬ್ಯಾಟರಿಯಿಂದ ನೇರ ಒಂದು ತಂತಿ ಎಳೆದು ಗೇಜಿಗೆ ಜೀವ ಕೊಟ್ಟರು. ನನ್ನನ್ನು ಬಾಗಿಲ ಬಳಿ ನಿಲ್ಲಿಸಿ, ಮುಳ್ಳಿನಿಂದ ಕಣ್ಣು ಕೀಳಬೇಡ ಎಂದು, ಸೀಟಿನ ಬೆನ್ನು ಮುಂದಕ್ಕೆ ಮಗುಚಿ ಟ್ಯಾಂಕಿಯ ಹತ್ತಿರ ಬಗ್ಗಿದರು. ಟ್ಯಾಂಕಿಯಿಂದ ಗೇಜಿಗೆ ಸುದ್ದಿ ತರುವ ತಂತಿಯನ್ನು ಕಿತ್ತರು.

"ಎಲ್ಲಿದೆ?"

"ಫುಲ್ ದಾಟಿ ಮೂಲೆಗೆ ಹೋಗಿ ಕೂತಿದೆ ಭಾವ."

ಅದೇ ತಂತಿಯ ತುದಿಯನ್ನು ಬಾಗಿಲ ತಿರುಗಣಿಯ ಸವೆದ ಬರಿಗಬ್ಬಿಣಕ್ಕೆ ಮುಟ್ಟಿಸಿದರು.

"ಈಗ?"

"ಸೊನ್ನೆಗೆ ಬಿತ್ತು."

"ಹಾಗಾದ್ರೆ ಗೇಜು ಸುಳ್ಳು ಹೇಳ್ತಿಲ್ಲ. ತಂತೀನೂ ಹೇಳ್ತಿಲ್ಲ. ಅಷ್ಟೇ" ಎಂದು, ಟ್ಯಾಂಕಿಯ ತಲೆಯ ಮೇಲಿನ ಮುಚ್ಚಳದಂಥದ್ದನ್ನು ಬಿಚ್ಚಿ ಹೊರಗೆಳೆದು, ತೂತಿಗೆ ಬಟ್ಟೆ ತುರುಕಿದರು. ಉದ್ದ ಕಡ್ಡಿ, ಅದರ ತುದಿಗೆ ನಿಂಬೆಕಾಯಿಯಷ್ಟು ದೊಡ್ಡ ಹಿತ್ತಾಳೆಯ ಬುರುಡೆ. ಪೆಟ್ರೋಲಿನ ಮೇಲೆ ತೇಲುವುದು ಅದೇ. ಅದರ ಏರಿಳಿತವೇ ಮುಳ್ಳಿನ ಮಾತು. ಬುರುಡೆ ಸೀಳಿ ಒಳಗೆ ಪೆಟ್ರೋಲು ಹೊಕ್ಕಿದ್ದರೆ ಅಲ್ಲಾಡಿಸಿದಾಗ ಸದ್ದಾಗುತ್ತದೆ. ಭಾವ ಅದನ್ನು ಬಲಗಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಎಡಗಿವಿಗೆ ಹಿಡಿದರು. ಮತ್ತೆ ಬಲಗಿವಿಗೆ. ಆಮೇಲೆ ನನ್ನ ಮುಖ ನೋಡದೆ ಅದನ್ನು ನನ್ನ ಕಡೆ ಚಾಚಿದರು.

"ಕೇಳು."

ನಾನು ಅಲ್ಲಾಡಿಸಿದೆ. "ಏನೂ ಇಲ್ಲ ಭಾವ. ಒಣಗಿದೆ."

"ನಂಗೂ ಏನೂ ಇಲ್ಲ" ಎಂದರು. "ಇದ್ರೂ ಇಲ್ಲ, ಇಲ್ದಿದ್ರೂ ಇಲ್ಲ."

ಎಷ್ಟು ಕಾಲದಿಂದ ಎಂದು ಕೇಳಿದೆ. ಆಲ್ಬೀನಾ ಹೋದ ಚಳಿಗಾಲದಿಂದ ಎಂದರು. ಚರ್ಚಿನಲ್ಲಿ ಅವರ 'ಆಮೆನ್' ಎಲ್ಲರಿಗಿಂತ ಒಂದು ಉಸಿರು ತಡವಾಗಿ ಬರುತ್ತಿದ್ದುದು, ಈಚೆಗೆ ಕೇಳಿದ ಪ್ರಶ್ನೆಗೂ ಉತ್ತರದ ಬದಲು 'ಅಷ್ಟೇ' ಎಂದು ಮುಗಿಸಿಬಿಡುತ್ತಿದ್ದುದು, ರೇಡಿಯೋದ ಪೋಲ್ಕಾ ನನ್ನ ಮನೆಯವರೆಗೆ ಕೇಳುತ್ತಿದ್ದುದು, ಎಲ್ಲ ಆಗ ನನಗೆ ಒಂದರ ಪಕ್ಕ ಒಂದು ಬಂದು ನಿಂತವು. ಐವತ್ತು ವರ್ಷ ಮುಳ್ಳಿನ ಹಂಗಿಲ್ಲದೆ ಓಡಿದವರು, ಕಿವಿ ಕೈಕೊಟ್ಟ ಮೇಲೆ ಯಾರಿಗೂ ಹೇಳದೆ ಮುಳ್ಳನ್ನು ನಂಬಲು ಶುರುಮಾಡಿದ್ದರು. ನಂಬಿ ಮೂರು ವರ್ಷ ತುಂಬುವ ಮೊದಲೇ ಅದೂ ಕೈಕೊಟ್ಟಿತು.

"ತಳಕ್ಕೆ ಬಂದಿದೆ ಅಂತ ನಂಗೆ ಗೊತ್ತಿತ್ತು" ಎಂದರು. "ಗೊತ್ತಿದ್ದೂ ಗೊತ್ತಿದ್ದೂ, ಅದು ಹೇಳ್ತು ಅಂತ ನನ್ನನ್ನ ನಾನೇ ಸುಳ್ಳು ಮಾಡ್ಕೊಂಡೆ. ನಿನ್ನನ್ನ ಹಳಿ ಮೇಲೆ ಕೂರಿಸ್ದೆ."

ಬುರುಡೆ ಮತ್ತೆ ಟ್ಯಾಂಕಿಯೊಳಗೆ ಹೋಯಿತು, ತಂತಿ ತನ್ನ ಜಾಗಕ್ಕೆ ಸೇರಿತು. ಗಾಡಿಯನ್ನು ಹಳಿಯಿಂದ ಮನೆಗೆ ತರಲೆಂದು ಹಾಕಿಸಿದ್ದ ಪೆಟ್ರೋಲಿಗೆ ಸರಿಯಾಗಿ ಮುಳ್ಳು ಕಾಲುಭಾಗಕ್ಕೆ ಬಂದು ಸಭ್ಯನಂತೆ ನಿಂತಿತು. ಭಾವ ಮರದ ಕೊಡತಿ ತೆಗೆದುಕೊಂಡು, ಟ್ಯಾಂಕಿಯನ್ನು ಬಿಗಿದ ಉಕ್ಕಿನ ಪಟ್ಟಿಗೆ ಒಂದೇಟು ಹಾಕಿದರು.

"ಭಾವ! ಏರ್ತಿದೆ! ಅರ್ಧ... ಮುಕ್ಕಾಲು... ಫುಲ್ ಆಯ್ತು!"

ಅವರು ಸ್ಕ್ರೂಡ್ರೈವರಿನ ಮೊನೆಯನ್ನು ಪಟ್ಟಿಗೂ ಗಾಡಿಯ ಮೈಗೂ ನಡುವೆ ತುರುಕಿ, ಬಣ್ಣ ಸೀಳುವ ಹಾಗೆ ಒತ್ತಿದರು. ಮುಳ್ಳು ಕಾಲುಭಾಗಕ್ಕೆ ಇಳಿಯಿತು. ತೆಗೆದರು, ಏರಿತು. ಒತ್ತಿದರು, ಇಳಿಯಿತು. ಆ ಮೊನೆಯ ಮೇಲೆ ಕರ್ಟನ ಹಸಿರು ಬಣ್ಣದ ಒಂದು ಸುರುಳಿ ಅಂಟಿತ್ತು.

ಬೇನೆ ಇದ್ದದ್ದು ಇಷ್ಟೇ. ಟ್ಯಾಂಕಿಯ ಕಬ್ಬಿಣ ಗಾಡಿಯ ಕಬ್ಬಿಣವನ್ನು ಮುಟ್ಟಿಕೊಂಡಿರಬೇಕು. ಕರೆಂಟು ಆ ದಾರಿಯಲ್ಲೇ ಹಿಂತಿರುಗಬೇಕು. ಗ್ಯಾರೇಜಿನವರು ಅದನ್ನು ಅರ್ಥ್ ಎನ್ನುತ್ತಾರೆ. ಹಿಂದಿನ ಐವತ್ತು ವರ್ಷ ತುಕ್ಕು ಹಿಡಿದ ಕೊಳಕು ಪಟ್ಟಿ ತುಕ್ಕು ಹಿಡಿದ ಕೊಳಕು ಮೈಗೆ ತಾಗಿಕೊಂಡು ನಿಜ ಹೇಳುತ್ತಿತ್ತು. ಕರ್ಟ್ ಪಟ್ಟಿಯ ಅಡಿಗೂ ಬಣ್ಣ ಹೊಡೆದ, ಮೈಗೂ ಹೊಡೆದ, ಬೋಲ್ಟಿನ ಬುಡಕ್ಕೂ ಹೊಡೆದ, ಸಾಲದೆಂದು ಗೀರು ಬೀಳದಿರಲಿ ಎಂದು ನಡುವೆ ರಬ್ಬರು ಇಟ್ಟ. ನಿಂತಾಗ ಎಲ್ಲೋ ಒಂದು ಕೂದಲೆಳೆಯಷ್ಟು ತಾಗುತ್ತಿತ್ತು. ಕಲ್ಲುಹಾದಿಯಲ್ಲಿ ಕುಲುಕಿದಾಗ ತಪ್ಪುತ್ತಿತ್ತು. ಪ್ರೀತಿಯಿಂದ ಬಳಿದ ಬಣ್ಣವೇ ಅಡ್ಡ ನಿಂತಿತ್ತು.

"ಭಾವ, ಸುಮ್ನೆ ಕೆರೆದುಬಿಡಿ" ಎಂದೆ. "ಯಾರಿಗೂ ಕಾಣಲ್ಲ. ಆ ಹುಡುಗನ ಮನಸ್ಸು ಯಾಕೆ ನೋಯಿಸ್ಬೇಕು?"

ಅವರು ನನ್ನ ಕಡೆ ತಿರುಗಿದರು. ಸಿಪ್ಪೆ ಎದ್ದ ಹಣೆ. "ಕೆರೆದ್ರೆ ಗಾಡಿ ಸರಿಹೋಗುತ್ತೆ. ನಾನು ಹುಚ್ಚನಾಗೇ ಉಳೀತೀನಿ."

ಆ ರಾತ್ರಿ ಕೆಟ್ಟ ವಸ್ತುವನ್ನು ಕೆಟ್ಟಹಾಗೆಯೇ ಬಿಟ್ಟು ಮಲಗಲು ಹೋದದ್ದು ಅವರ ಆಯುಷ್ಯದಲ್ಲಿ ಅದೇ ಮೊದಲಿರಬೇಕು.

ಭಾನುವಾರ ಪೂಜೆ ಮುಗಿದ ಮೇಲೆ ರೋಸಾಲಿ, ಕರ್ಟ್ ಊಟಕ್ಕೆ ಬಂದರು. ನಾನು ಬಾತುಕೋಳಿ ಹುರಿದಿದ್ದೆ, ಹಿಟ್ಟಿನ ಉಂಡೆ ಬೇಯಿಸಿದ್ದೆ. ಯಾವುದೂ ಮೇಜಿಗೆ ಬರಲಿಲ್ಲ. ಭಾವ ಅಂಗಳದಲ್ಲೇ ತಡೆದು, ಮಗಳನ್ನು ಗಾಡಿಯಲ್ಲಿ ಕೂರಿಸಿ, ಅಳಿಯನನ್ನು ಹಿಂದಿನ ತೊಟ್ಟಿಗೆ ಹತ್ತಿಸಿದರು.

"ಮುಳ್ಳು ಎಲ್ಲಿದೆ?"

"ಕಾಲುಭಾಗ ಅಪ್ಪಾ."

"ಕರ್ಟ್, ಕುಣಿ."

"ಏನ್ ಮಾವ?"

"ಕುಣಿಯೋ! ಮದುವೇಲಿ ಕುಣಿದಿದ್ಯಲ್ಲ ಪೋಲ್ಕಾ, ಹಂಗೇ!"

ಭಾನುವಾರದ ಬೂಟು ಹಾಕಿದ್ದ ಆ ದೊಡ್ಡ ಗಂಡಸು ತೊಟ್ಟಿಯಲ್ಲಿ ಧಡ್ ಧಡ್ ಎಂದು ಕುಣಿದ. ಒಳಗೆ ರೋಸಾಲಿ ಮುಳ್ಳಿನ ಹತ್ತಿರಕ್ಕೆ ಬಗ್ಗಿದಳು.

"ಓದಮ್ಮಾ. ಎಷ್ಟಾಯ್ತು?"

"ಫುಲ್" ಎಂದಳು, ಉಸಿರಿನಲ್ಲಿ.

"ಹಡೀತು. ಕರು ಹಾಕ್ತು ನೋಡು. ಬರ್ಕೋ ನಿನ್ನ ಅರ್ಜೀಲಿ."

ಕರ್ಟ್ ಇಳಿದು ಬಂದು, ಭಾವ ತೋರಿಸಿದ ಜಾಗಕ್ಕೆ ಬಗ್ಗಿ ನೋಡಿ, ಬೆರಳಾಡಿಸಿ, ಬೆಳ್ಳಗಾದ. "ನಾನೇ... ಮಾವ, ನಾನೇ ಬಳಿದಿದ್ದು."

ಇಲ್ಲಿ ಭಾವ ಅವನ ಭುಜ ತಟ್ಟಿದರೆಂದು ಬರೆಯುವ ಆಸೆ ನನಗೂ ಇದೆ. ತಟ್ಟಲಿಲ್ಲ. "ನಾಲ್ಕು ತಿಂಗಳು ಚೆಂದ ಮಾಡ್ದೆ. ಅಂಗೈಯಗಲ ಕಬ್ಬಿಣ ಬರಿದಾಗಿ ಬಿಡೋದು ಗೊತ್ತಾಗ್ಲಿಲ್ಲ ನಿಂಗೆ. ಅದಾದ್ರೂ ಹೋಗ್ಲಿ. ಮನುಷ್ಯ ಬಂದು ಹಿಂಗಾಗ್ತಿದೆ ಅಂದ. ನೀನು ಹೋಗಿ ಮುಳ್ಳನ್ನ ಕೇಳ್ದೆ! ನಿಂತ ಜಾಗದಲ್ಲಿ ಕೇಳ್ದೆ! ಒಂದು ಮೈಲಿ ನನ್ ಜೊತೆ ಕೂತು ಬರೋಕೆ ಆಗ್ಲಿಲ್ವಾ?"

ಭಾವ ಗೆದ್ದಾಗಿತ್ತು, ಮಾತು ಅಷ್ಟಕ್ಕೇ ನಿಂತಿದ್ದರೆ ಕೀಲಿ ಅಂದೇ ಕೈಗೆ ಬರುತ್ತಿತ್ತು. ಆದರೆ ರೋಸಾಲಿ ಅವರ ಮಗಳೇ ಅಲ್ಲವೇ? ಗಾಡಿಯಿಂದಿಳಿದು ನಿಧಾನವಾಗಿ ಕೇಳಿದಳು. "ಅಪ್ಪಾ, ಮುಳ್ಳು ಕೆಟ್ಟಿತ್ತು, ಒಪ್ಪಿದೆ. ಆದ್ರೆ ನಿಂಗೆ ಯಾವತ್ತು ಬೇಕಿತ್ತು ಮುಳ್ಳು? ಚರ್ಚಿನ ತಿರುವಲ್ಲಿ ನಂಗೆ ಎಣಿಸೋಕೆ ಕಲಿಸಿದ್ದು ನೀನೇ."

ಅವರು ನನ್ನ ಕಡೆ ಒಮ್ಮೆ ನೋಡಿದರು. ನಾನು ಹೇಳುವವಳಲ್ಲ ಎಂದು ಅವರಿಗೆ ಗೊತ್ತು. ಸಭಾಂಗಣದ ಗೋಡೆಯಿಂದ ಗಡಿಯಾರ ಇಳಿಸಿದ ಮನುಷ್ಯ ಅಂಗಳದ ನಡುವೆ, ಆ ಬೆಂದ ಹಣೆಯಲ್ಲಿ ನಿಂತುಕೊಂಡು, ಎಮಿಲನ ಮನೆಗೂ ಕೇಳುವಷ್ಟು ಜೋರಾಗಿ ಕೂಗಿದರು. ಅವರು ಕೂಗಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

"ಕಿವಿ ಹೋಗಿದೆ! ತಲೆ ಅಲ್ಲ! ಕಿವಿ! ಅಷ್ಟೇ!"

ರೋಸಾಲಿ ಅರ್ಜಿಯನ್ನು ನಾಲ್ಕು ಚೂರು ಮಾಡಿದಳು. ಕೀಲಿ ಮಾತ್ರ ಕೈಚೀಲದಿಂದ ಹೊರಬರಲಿಲ್ಲ. "ಕಿವಿ ಡಾಕ್ಟರ್ ಹತ್ರ ಬಾ. ಆಮೇಲೆ ಕೀಲಿ." ಅವರು ಅವಳೊಡನೆ ಹದಿನೈದು ದಿನ ಮಾತು ಬಿಟ್ಟರು, ಆಮೇಲೆ ಹೋದರು. ಕರ್ಟ್ ಥ್ಯಾಂಕ್ಸ್‌ಗಿವಿಂಗ್ ಎಂಬ ನವೆಂಬರಿನ ಹಬ್ಬದ ಊಟದವರೆಗೂ ಆ ಅಂಗಳಕ್ಕೆ ಕಾಲಿಡಲಿಲ್ಲ. ಎಮಿಲ್ ಮಾತ್ರ ಆ ಭಾನುವಾರದ ಮರುದಿನವೇ ಕಾಫಿ ಮೇಜಿನಲ್ಲಿ ಒಂದು ಚೂರು ಕರಿ ಟೇಪನ್ನು ತನ್ನ ಬಾಯಿಗೆ ತಾನೇ ಅಂಟಿಸಿಕೊಂಡು ಕೂತಿದ್ದನಂತೆ. ಭಾವ ನಗಲಿಲ್ಲ, ಆದರೆ ಆ ದಿನ ಟೋಪಿ ತಲೆಯ ಮೇಲಿತ್ತು.

ಅಕ್ಟೋಬರಿನಲ್ಲಿ ಕಿವಿಗೆ ಯಂತ್ರ ಬಂತು, ಕೈಗೆ ಕೀಲಿ ಬಂತು. ಮೊದಲ ದಿನ ನನ್ನನ್ನು ಕೂರಿಸಿಕೊಂಡು ಹೊರಟು, ಚರ್ಚಿನ ತಿರುವಿನಲ್ಲಿ ಬೆರಳೆತ್ತಿದರು. ಬೆನ್ನ ಹಿಂದೆ ಪೆಟ್ರೋಲು ಬಡಿಯಿತು.

"ಎರಡು" ಎಂದರು.

"ಮೂರು ಭಾವ."

"ಎರಡು. ಮೂರನೇದು ನಿನ್ನ ಹೊಟ್ಟೆ."

ಸೀಟಿನ ಹಿಂದೆ, ಕರ್ಟನ ಕನ್ನಡಿಯಂಥ ಬಣ್ಣದ ನಡುವೆ, ಅರದಿಂದ ಕೆರೆದ ಅಂಗೈಯಗಲದ ಬರಿಗಬ್ಬಿಣ ಈಗಲೂ ಇದೆ. ಪ್ರತಿ ವಸಂತಕ್ಕೂ ಅದು ತುಕ್ಕು ಹಿಡಿಯುತ್ತದೆ, ಪ್ರತಿ ವಸಂತಕ್ಕೂ ಭಾವ ಅರ ಹಿಡಿದು ಮತ್ತೆ ಕೆರೆಯುತ್ತಾರೆ. ನೋಡಲಾರದೆ ಕರ್ಟ್ ಒಮ್ಮೆ, "ಮಾವ, ಅಲ್ಲಿಗೆ ತೆಳ್ಳಗೆ ಒಂದೇ ಒಂದು ಕೋಟ್..." ಎಂದು ಶುರುಮಾಡಿ, ಟೋಪಿ ಬಾನೆಟ್ಟಿಗೆ ಹೋದದ್ದನ್ನು ಕಂಡು ಅಲ್ಲಿಗೇ ನಿಲ್ಲಿಸಿದ.

ಇಂಥ ಸಿಟ್ಟಿನ ಮನುಷ್ಯರು ಮನೆಗೊಬ್ಬರಾದರೂ ಇರುತ್ತಾರೆ; ಮದುವೆಯಲ್ಲಿ ಗಡಿಯಾರ ಇಳಿಸಿ ಮಾನ ತೆಗೆಯುವವರು, ಪ್ರೀತಿಯಿಂದ ಮಾಡಿದ್ದರಲ್ಲೂ ತಪ್ಪು ತೋರಿಸುವವರು, ಸಮಾಧಾನದ ಒಂದು ಮಾತು ಬಾರದವರು. ಅವರೊಡನೆ ಬಾಳುವುದು ಸುಖವಲ್ಲ ಎಂದು ನನ್ನಕ್ಕ ಐವತ್ತು ವರ್ಷ ಹೇಳಿದಳು, ಐವತ್ತು ವರ್ಷ ಬಾಳಿದಳು. ಉಳಿದ ನಾವೆಲ್ಲ ಒಬ್ಬರನ್ನೊಬ್ಬರು ನೋಯಿಸಬಾರದೆಂದು ಮೇಲಿಂದ ಮೇಲೆ ಬಣ್ಣ ಬಳಿಯುತ್ತ, ನಡುವೆ ರಬ್ಬರಿಟ್ಟುಕೊಂಡು ಚೆಂದವಾಗಿ ಹೊಳೆಯುತ್ತೇವೆ. ನಮ್ಮ ಮುಳ್ಳುಗಳೆಲ್ಲ ಸದಾ ಫುಲ್ ತೋರಿಸುತ್ತವೆ. ಅವರು ಮಾತ್ರ ಮೈಯಲ್ಲೆಲ್ಲೋ ಅಂಗೈಯಗಲ ಜಾಗವನ್ನು ಬಳಿಯಗೊಡದೆ ಉಳಿಸಿಕೊಂಡಿರುತ್ತಾರೆ. ಅಲ್ಲಿ ತುಕ್ಕು ಹಿಡಿಯುತ್ತದೆ, ಮುಟ್ಟಿದವರ ಕೈ ಗೀರುತ್ತದೆ. ಟ್ಯಾಂಕಿ ಬರಿದಾಗಿದೆಯೆಂಬ ಸುದ್ದಿ ನಮಗೆ ಹಳಿ ಏರುವ ಮೊದಲೇ ತಲುಪುವುದಾದರೆ, ಆ ಜಾಗದಿಂದಲೇ ತಲುಪಬೇಕು.